ಮೊಳದ ಪೆಟ್ಟಿಗೆ, ಮಣಭಾರ

ಲಕ್ಷ್ಮೇಶ್ವರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಬೀಸುಕಲ್ಲಿತ್ತು. ಅಮ್ಮ ಹೋದ ಮೇಲೆ ಅದರ ಮೇಲೆ ಪೇಪರಿನ ಕಟ್ಟು ಕುಳಿತಿತ್ತು, ಆಮೇಲೆ ಹೂವಿನ ಕುಂಡ ಬಂತು. ಪುಣೆಯಲ್ಲಿರುವ ತಂಗಿ ಒಂದು ದಿನ ಫೋನಿನಲ್ಲಿ, "ಅವ್ವನ ಬೀಸೂಕಲ್ಲ ನನಗ ಬೇಕು, ಹೆಂಗರ ಮಾಡಿ ಕಳಸು" ಅಂದಳು. ಶೋಕೇಸಿನಲ್ಲಿ ಇಡಲು ಕೇಳಿದ್ದಲ್ಲ. ಗೋಧಿ ನುಚ್ಚು ಒಡೆಯಬೇಕು, ಹುರಿದ ಕಡಲೆಬೇಳೆ ಬೀಸಬೇಕು, ಮಿಕ್ಸರಿನ ನುಚ್ಚು ಹಿಟ್ಟಾಗಿಬಿಡುತ್ತದೆ ಎಂಬುದು ಅವಳ ಲೆಕ್ಕ.

ಕಲ್ಲನ್ನು ಅಳೆದೆ. ಅಡ್ಡಳತೆ 36 ಸೆಂಟಿಮೀಟರ್. ಮೇಲಿನದು, ಕೆಳಗಿನದು ಎರಡೂ ಸೇರಿ ದಪ್ಪ 10 ಸೆಂಟಿಮೀಟರ್. ಎರಡೂ ಒಂದು ಮೊಳದ ಪೆಟ್ಟಿಗೆಯಲ್ಲಿ ಕೂರುತ್ತವೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ 27 ಕಿಲೋ ತೋರಿಸಿತು. ಅದನ್ನು ಊರಿನ ಒಂದು ಕೊರಿಯರ್ ಅಂಗಡಿಗೆ ಒಯ್ದೆ. ಹುಡುಗ ಒಂದು ಕೈಯಲ್ಲಿ ಎತ್ತಲು ಹೋಗಿ ನಿಂತುಬಿಟ್ಟ. "ಇದರಾಗ ಏನೈತ್ರಿ, ಕಲ್ಲೇನ್ರಿ?" ಎಂದ. ಹೌದೆಂದೆ. ಅವನು ಹೇಳಿದ ದರದಲ್ಲಿ ಅಂಥದ್ದೇ ಹೊಸ ಕಲ್ಲನ್ನು ಕೊಂಡು ಇನ್ನೂ ಹಣ ಉಳಿಸಬಹುದಿತ್ತು. "ಅಲ್ಲೇ ಹೊಸಾದು ತಗೊಳ್ಳಿಕ್ಕ ಹೇಳ್ರಿ" ಎಂದು ಅವನು ಸಹಾನುಭೂತಿಯಿಂದಲೇ ಸಲಹೆ ಕೊಟ್ಟ. ಪೆಟ್ಟಿಗೆಯನ್ನು ಮರಳಿ ಮನೆಗೆ ತಂದೆ.

ನಮ್ಮ ಭಾಗದ ಎಷ್ಟು ಮನೆಗಳಲ್ಲಿ ಇದೇ ನಡೆದಿದೆ ಎಂದು ಆ ದಿನ ಯೋಚಿಸಿದೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ಹಗುರಾದದ್ದೆಲ್ಲ ಅವರ ಜೊತೆ ಹೋಗುತ್ತದೆ: ಸೀರೆ, ಫೋಟೊ, ಹೋಳಿಗೆ. ಭಾರವಾದದ್ದು ಇಲ್ಲೇ ಉಳಿಯುತ್ತದೆ. ಒಳಕಲ್ಲಿನ ಗುಂಡು ಹಿತ್ತಲಿಗೆ, ತಾಮ್ರದ ಹಂಡೆ ಮೋಡಕಾದವನಿಗೆ, ಅಜ್ಜ ಕೂಡಿಟ್ಟ ಪುಸ್ತಕಗಳು ರದ್ದಿಗೆ. ಅವುಗಳ ಮೇಲೆ ಯಾರಿಗೂ ಪ್ರೀತಿ ಕಡಿಮೆಯಾಗಿ ಹೀಗಾಗುವುದಲ್ಲ, ಕಳುಹಿಸುವ ದಾರಿ ಗೊತ್ತಿಲ್ಲದೆ ಆಗುವುದು. ಆದರೆ ದಾರಿಗಳಿವೆ, ಅವುಗಳಲ್ಲಿ ಒಂದೆರಡಂತೂ ಗದಗಿನಲ್ಲೇ ಹುಟ್ಟಿದವು.

ಮೊದಲು ಕೊರಿಯರಿನ ಲೆಕ್ಕವನ್ನು ನೋಡೋಣ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದಕ್ಕೆ ಗಾತ್ರದ ತೂಕ ಎನ್ನುತ್ತಾರೆ. ತಕ್ಕಡಿಯ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ನನ್ನ ಪೆಟ್ಟಿಗೆ 40, 40, 15. ಗುಣಿಸಿದರೆ 24,000, ಭಾಗಿಸಿದರೆ 4.8 ಕಿಲೋ. ತಕ್ಕಡಿ ಹೇಳುವುದು 27. ಶಿರಹಟ್ಟಿ ಕಡೆಯ ರೈತನೊಬ್ಬ ಒಣಮೆಣಸಿನಕಾಯಿಯನ್ನು ಎಲ್ಲ ಕಡೆ 60 ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದರೆ ಗಾತ್ರದ ತೂಕ 43 ಕಿಲೋ ದಾಟುತ್ತದೆ. ಒಳಗಿನ ಕಾಯಿ ಅಷ್ಟು ತೂಗುವುದೇ ಇಲ್ಲ. ಅವನು ಜಾಗಕ್ಕೆ ಹಣ ಕೊಡುತ್ತಾನೆ, ನಾನು ಭಾರಕ್ಕೆ. ಮೆಣಸಿನಕಾಯಿಯನ್ನು ಒತ್ತಿ ತುಂಬಿದರೆ ಅವನ ಖರ್ಚು ಇಳಿಯಬಹುದು. ಕಲ್ಲನ್ನು ಏನು ಮಾಡಿದರೂ 27 ಕಿಲೋ 27 ಕಿಲೋವೇ. ಅದರ ಮೇಲೆ ಕೊರಿಯರಿನ ದುಬಾರಿ ದರ ಬಹುತೇಕ ವಿಮಾನದ ದರ. ವಿಮಾನಕ್ಕೆ ಪ್ರತಿ ಕಿಲೋ ಎಂದರೆ ಇಂಧನ. ಕಲ್ಲಿಗೆ ಅವಸರವಿಲ್ಲ, ನೆಲದ ಮೇಲೆ ಹೋದರೆ ಸಾಕು. ಕೌಂಟರಿನಲ್ಲಿ "ಸರ್ಫೇಸ್‌ನಲ್ಲಿ ಎಷ್ಟು?" ಎಂದು ಕೇಳದಿದ್ದರೆ ಎಷ್ಟೋ ಸಲ ಅವರಾಗಿ ಹೇಳುವುದಿಲ್ಲ. ನಾನೂ ಅಂದು ಕೇಳಿರಲಿಲ್ಲ.

ಭಾರ ಮತ್ತು ಜಾಗದ ಈ ಜಗಳ ನಮ್ಮ ನೆಲಕ್ಕೆ ಹೊಸದಲ್ಲ. ರೈಲು ಬರುವ ಮುನ್ನ ಇಲ್ಲಿಂದ ಕರಾವಳಿಗೆ, ಕರಾವಳಿಯಿಂದ ಇಲ್ಲಿಗೆ ಸರಕು ಹೋಗಿ ಬರುತ್ತಿದ್ದದ್ದು ಎತ್ತಿನ ಬೆನ್ನಿನ ಮೇಲೆ. ಲಂಬಾಣಿಗರ ಹೇರೆತ್ತುಗಳ ಸಾಲು ಕಾಳು ಹೊತ್ತು ಹೋಗಿ ಉಪ್ಪು ಹೊತ್ತು ಬರುತ್ತಿತ್ತು. ದಖ್ಖನದ ಯುದ್ಧಗಳಲ್ಲಿ ಸೈನ್ಯಗಳು ಉಂಡದ್ದು ಅವರು ತಂದ ಧಾನ್ಯವನ್ನು. ಇಂದು ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಾಂಡಾಗಳಲ್ಲಿ ಇರುವವರು ಆ ಸಾಗಣೆದಾರರ ಮೊಮ್ಮಕ್ಕಳ ಮೊಮ್ಮಕ್ಕಳು. ಎತ್ತಿಗೆ ಜಾಗದ ಲೆಕ್ಕವಿಲ್ಲ, ಬೆನ್ನಿನ ಎರಡು ಮಗ್ಗುಲಿಗೆ ಸಮಭಾರ ಇಳಿಬಿದ್ದರಾಯಿತು. ಉಪ್ಪಿನಂಥ ಚಿಕ್ಕ ಗಾತ್ರದ ಭಾರಕ್ಕೆ ಅದು ಹೇಳಿ ಮಾಡಿಸಿದ ವಾಹನ. ಹತ್ತಿಗೆ ಹಾಗಲ್ಲ. 1840ರ ದಶಕದಲ್ಲಿ ಅಮೆರಿಕದ ಹತ್ತಿಯ ತಳಿ ಧಾರವಾಡ ಸೀಮೆಗೆ ಬಂದು ಗದಗ, ಡಂಬಳದ ಕರಿನೆಲದಲ್ಲಿ ಬೇರೂರಿತು. ಆ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಬೇಕು. ಸಡಿಲ ಹತ್ತಿ ಜಾಗ ತಿನ್ನುತ್ತದೆ, ದೂಳು ಹಿಡಿಯುತ್ತದೆ, ಮಳೆಗೆ ನೆನೆಯುತ್ತದೆ. ಅದನ್ನು ಒತ್ತಿ ಒತ್ತಿ ಬೇಲು ಮಾಡುವ ಯಂತ್ರಗಳು ಬಂದದ್ದು ಇದಕ್ಕಾಗಿಯೇ. ಈಗಿನ ಒಂದು ಬೇಲು 170 ಕಿಲೋ. ಜಿನ್ನಿಂಗ್ ಪ್ರೆಸ್ಸಿನವರು ದುಡ್ಡು ಕೊಟ್ಟು ಸರಕನ್ನು ಗಿಡ್ಡ ಮಾಡಿ, ಭಾರ ಮಾಡಿ ಕಳುಹಿಸುತ್ತಾರೆ. ನನ್ನ ಕಲ್ಲನ್ನು ದೇವರೇ ಒತ್ತಿ ಕೊಟ್ಟಿದ್ದಾನೆ. ಅದನ್ನು ಮೆಚ್ಚಿ ಹೊರುವ ವಾಹನ ಯಾವುದೆಂದು ಹುಡುಕುವುದಷ್ಟೇ ನನ್ನ ಕೆಲಸವಾಗಿತ್ತು.

1884ರಲ್ಲಿ ಹೊಟಗಿಯಿಂದ ಗದಗಿಗೆ ಮೀಟರ್ ಗೇಜ್ ರೈಲು ಬಂತು. ಎತ್ತಿನ ಸಾಲು ಹಿಂದೆ ಸರಿಯಿತು, ಗದಗ ಜಂಕ್ಷನ್ ಆಯಿತು. ಇಂದಿಗೂ ಹುಬ್ಬಳ್ಳಿಯಿಂದ ಬರುವ ಹಳಿ ಇಲ್ಲಿ ಕವಲೊಡೆದು ಒಂದು ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಕಡೆಗೆ, ಇನ್ನೊಂದು ಕೊಪ್ಪಳ, ಬಳ್ಳಾರಿ, ಗುಂತಕಲ್ಲಿನ ಕಡೆಗೆ ಹೋಗುತ್ತದೆ. ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ, ಮುಂಡರಗಿಗೆ ಮಾತ್ರ ರೈಲು ಬರಲೇ ಇಲ್ಲ. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಹಳಿ ಹಾಕಿ ಎಂಬ ಬೇಡಿಕೆ ಎಷ್ಟು ಹಳೆಯದೆಂದರೆ ಅದನ್ನು ಕೇಳುತ್ತಾ ನಮ್ಮ ತಂದೆಯ ಕಾಲ ಹೋಯಿತು, ನಮ್ಮದೂ ಹೋಗುತ್ತಿದೆ. ಹಾಗಾಗಿ ಈ ಮೂರೂ ಊರಿನವರಿಗೆ ದೂರದ ಸಾಗಣೆ ಅಂದರೆ ಮೊದಲು ಗದಗಿಗೆ, ಇಲ್ಲವೇ ಹುಬ್ಬಳ್ಳಿಗೆ ಹೋಗುವುದು. ಗದಗಿನಿಂದ ಪುಣೆಗೆ ಕಲ್ಲು ಹೋಗುವುದಕ್ಕಿಂತ ಲಕ್ಷ್ಮೇಶ್ವರದಿಂದ ಗದಗಿನ ಸುಮಾರು 40 ಕಿಲೋಮೀಟರೇ ಕಷ್ಟ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಶಾಲೆಯ ಪುಸ್ತಕ, ಗೈಡು, ನಿಘಂಟು, ಲಗ್ನಪತ್ರಿಕೆ, ಖಾತೆಪುಸ್ತಕ, ಎಲ್ಲ ಇಲ್ಲಿ ಅಚ್ಚಾಗಿ ರಾಜ್ಯದ ತುಂಬ ಹೋದವು. ಕಾಗದವನ್ನು ಎತ್ತಿ ನೋಡಿದವರಿಗೆ ಗೊತ್ತು, ಅದು ಮರದ ಇನ್ನೊಂದು ರೂಪ. ಒಂದು ಮೊಳದ ಪೆಟ್ಟಿಗೆಯ ತುಂಬ ಪುಸ್ತಕ ತುಂಬಿದರೆ ಅದನ್ನು ಒಬ್ಬರೇ ಎತ್ತಲು ಹೆದರುತ್ತಾರೆ. ಅಂಥ ಊರಿನಲ್ಲಿ, ಅಂಥ ಒಂದು ಮುದ್ರಣದ ಮನೆಯಲ್ಲಿ ಬೆಳೆದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ಸಾಗಣೆಗೆ ಇಳಿದರು. ಬಿ.ಜಿ. ಸಂಕೇಶ್ವರ ಎಂಬ ಹೆಸರಿನ ನಿಘಂಟು ಕನ್ನಡದ ಎಷ್ಟೋ ಮನೆಗಳ ಮಾಡದಲ್ಲಿದೆ, ಅದು ಅವರ ತಂದೆಯ ಮುದ್ರಣ ಸಂಸ್ಥೆಯದು. ಅಚ್ಚುಕೂಟ ಬಿಟ್ಟು ಲಾರಿಗೆ ಹೋದ ಮಗನ ನಿರ್ಧಾರ ಆಗ ಊರಿಗೆ ವಿಚಿತ್ರವಾಗಿ ಕಂಡಿರಬಹುದು. ಆ ಒಂದು ಲಾರಿಯಿಂದ ಬೆಳೆದ ವಿಆರ್‌ಎಲ್ ಮುಂದೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ದೇಶದ ದೊಡ್ಡ ಸಾಗಣೆ ಕಂಪನಿಗಳಲ್ಲಿ ಒಂದಾಯಿತು, 2015ರಲ್ಲಿ ಷೇರುಪೇಟೆಗೂ ಬಂತು. ಭಾರವಾದ ಚಿಕ್ಕ ವಸ್ತುವನ್ನು ಅಗ್ಗವಾಗಿ ದೂರ ಒಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಗದಗ ಕೊಟ್ಟ ದೊಡ್ಡ ಉತ್ತರ ಇದು ಎಂದು ನಾನು ನಂಬಿದ್ದೇನೆ. ಇಂಥ ಕಂಪನಿಗಳು ಈಗ ಹಲವಿವೆ. ಅವುಗಳ ಮೂಲ ಕೆಲಸ ಒಂದೇ. ಒಬ್ಬ ಗಿರಾಕಿಗೆ ಇಡೀ ಲಾರಿ ಕೊಡದೆ, ನೂರು ಜನರ ನೂರು ಗಂಟುಗಳನ್ನು ಒಂದು ಲಾರಿಯಲ್ಲಿ ಸೇರಿಸುವುದು.

ಊರ ಕಡೆ ಇದಕ್ಕೆ "ಟ್ರಾನ್ಸ್‌ಪೋರ್ಟಿಗೆ ಹಾಕೂದು" ಎನ್ನುತ್ತೇವೆ. ವ್ಯಾಪಾರಿಗಳಿಗೆ ಇದು ಊಟದಷ್ಟು ಪರಿಚಿತ, ಮನೆಯವರಿಗೆ ಮಾತ್ರ ಯಾಕೋ ಹೊಳೆಯುವುದಿಲ್ಲ. ಲಾರಿ ಆಫೀಸು ಅಂದರೆ ಅಂಗಡಿಕಾರರಿಗೆ, ಮೂಟೆಗಳಿಗೆ ಎಂಬ ಕಲ್ಪನೆ. ಹಾಗೇನಿಲ್ಲ, ಒಂದೇ ಒಂದು ಗಂಟನ್ನೂ ತೆಗೆದುಕೊಳ್ಳುತ್ತಾರೆ. ಹೋಗಿ ತೂಕ ಹಾಕಿಸಿದರೆ ಬಿಲ್ಟಿ ಹರಿದು ಕೊಡುತ್ತಾರೆ. ಅದರಲ್ಲಿ ಕಳುಹಿಸಿದವರು, ಬಿಡಿಸಿಕೊಳ್ಳುವವರು, ಎಷ್ಟು ನಗ, ಎಷ್ಟು ತೂಕ, ಒಳಗೇನು, ಅದರ ಬೆಲೆ ಎಷ್ಟು ಎಂದು ಬರೆದಿರುತ್ತದೆ. ಹಣವನ್ನು ಇಲ್ಲೇ ಕಟ್ಟಿದರೆ ಪೇಯ್ಡ್, ಅಲ್ಲಿ ಬಿಡಿಸಿಕೊಳ್ಳುವವರು ಕಟ್ಟುವುದಾದರೆ ಟು ಪೇ. ಬಾಡಿಗೆಯ ಜೊತೆ ಹಮಾಲಿ, ಬಿಲ್ಟಿ ಖರ್ಚು ಸೇರುತ್ತವೆ. ಬಹಳ ಕಡೆ ಕನಿಷ್ಠ ಬಾಡಿಗೆ ಎಂಬುದೊಂದಿರುತ್ತದೆ, ಐದು ಕಿಲೋ ಕಳುಹಿಸಿದರೂ ಅಷ್ಟು ಕೊಡಲೇಬೇಕು. ಆದ್ದರಿಂದ ಎರಡು ಕಿಲೋದ ವಿಗ್ರಹಕ್ಕೆ ಲಾರಿ ಲಾಭವಲ್ಲ, ಇಪ್ಪತ್ತು ಕಿಲೋ ದಾಟಿದ ಮೇಲೆ ಅದರ ಸೊಗಸು ಕಾಣುತ್ತದೆ. ಮುಂಡರಗಿಯ ರೈತ ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ದೂರದ ಕಂಪನಿಗೆ ದುರಸ್ತಿಗೆ ಕಳುಹಿಸುವುದಾದರೆ ಅಂಚೆಯನ್ನೋ ಕೊರಿಯರನ್ನೋ ಯೋಚಿಸಬೇಕಾಗಿಯೇ ಇಲ್ಲ. ಒಳಗಿನ ಎಣ್ಣೆ, ನೀರು ಬಸಿದು, ಒರೆಸಿ, ಲಾರಿಗೆ ಹಾಕುವುದೇ ಸರಿ.

ಲಾರಿಯವರಿಗೆ ಕಲ್ಲಿನಂಥ ಗಂಟು ಬೇಡವಾದ ನೆಂಟನಲ್ಲ ಎಂಬುದು ನನಗೂ ತಡವಾಗಿ ತಿಳಿಯಿತು. ಒಂದು ಲಾರಿ ಎರಡು ರೀತಿಯಲ್ಲಿ ತುಂಬುತ್ತದೆ. ಸಿಮೆಂಟು ಹೇರಿದರೆ ಅರ್ಧ ಎತ್ತರಕ್ಕೆ ಬರುವಷ್ಟರಲ್ಲಿ ತೂಕದ ಮಿತಿ ಮುಟ್ಟುತ್ತದೆ, ಮೇಲೆ ಜಾಗ ಖಾಲಿ. ಮೆಣಸಿನಕಾಯಿ, ಹತ್ತಿ, ಪ್ಲಾಸ್ಟಿಕ್ ಕೊಡ ಹೇರಿದರೆ ಹಗ್ಗ ಬಿಗಿಯುವಷ್ಟು ಎತ್ತರವಾದರೂ ತೂಕ ಅರ್ಧವೂ ಆಗಿರುವುದಿಲ್ಲ. ಎರಡನ್ನೂ ಬೆರೆಸಿದಾಗ ಮಾತ್ರ ಮಾಲಕರಿಗೆ ಪೂರ್ತಿ ಬಾಡಿಗೆ ಹುಟ್ಟುತ್ತದೆ. ಭಾರದ ಚಿಕ್ಕ ಪೆಟ್ಟಿಗೆ ತಳದಲ್ಲಿ ಮೂಲೆ ಹಿಡಿದು ಕೂರುತ್ತದೆ, ಮೇಲಿನ ಹಗುರ ಸರಕಿನ ಜಾಗ ಕದಿಯುವುದಿಲ್ಲ. ಅಲ್ಲಿ ಕಿಲೋದ ಬಾಡಿಗೆ ಕೊರಿಯರಿಗಿಂತ ಬಹಳ ಕೆಳಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮೇಲೆ ಹೇಳಿದ ಆ 40 ಕಿಲೋಮೀಟರನ್ನು ಈಗ ನೆನೆಯಿರಿ. ಹುಬ್ಬಳ್ಳಿಯಿಂದ ಪುಣೆಗೆ ರಾತ್ರಿ ಓಡುವ ಲಾರಿಯಲ್ಲಿ ನನ್ನ 27 ಕಿಲೋಗೆ ಬೀಳುವ ಡೀಸೆಲ್ಲು ಅತ್ಯಲ್ಪ. ಖರ್ಚಾಗುವುದು ಎರಡು ತುದಿಗಳಲ್ಲಿ. ಇಲ್ಲಿ ಮನೆಯಿಂದ ಎತ್ತಿ ಆಫೀಸಿಗೆ ತರುವುದು, ಅಲ್ಲಿ ಗೋಡೌನಿನಿಂದ ಮೂರನೇ ಮಹಡಿಗೆ ಮುಟ್ಟಿಸುವುದು. ಕೊರಿಯರಿನವರು ಹೇಳುವ ದರದಲ್ಲಿ ಈ ಎರಡು ತುದಿಗಳ ಕೂಲಿ, ಅದರ ಮೇಲೆ ನಾಳೆಯೇ ಮುಟ್ಟಬೇಕೆಂಬ ಅವಸರದ ಬೆಲೆ ಅಡಗಿರುತ್ತವೆ. ನಾವೇ ಒಯ್ದು ಕೊಟ್ಟು, ಅವರೇ ಹೋಗಿ ಬಿಡಿಸಿಕೊಂಡರೆ, ಒಂದು ವಾರ ಕಾಯಲು ಒಪ್ಪಿದರೆ, ಉಳಿಯುವುದು ನಡುವಿನ ಓಟದ ಬಾಡಿಗೆ ಮಾತ್ರ. ಲಾರಿ, ರೈಲು, ಬಸ್ಸು, ಮೂರರಲ್ಲೂ ಅಗ್ಗದ ಗುಟ್ಟು ಇದೇ. ಡೋರ್ ಡೆಲಿವರಿ ಬೇಕೆ, ಗೋಡೌನ್ ಡೆಲಿವರಿ ಸಾಕೆ ಎಂದು ಕೇಳಿದಾಗ ಆಟೊ ಬಾಡಿಗೆ ಎಷ್ಟಾಗುತ್ತದೆಂದು ಅಲ್ಲಿಯವರನ್ನು ವಿಚಾರಿಸಿ ಉತ್ತರ ಕೊಡಬೇಕು. ಬಂದ ಗಂಟನ್ನು ತಡಮಾಡಿ ಬಿಡಿಸಿಕೊಂಡರೆ ಡೆಮರೇಜ್ ಬೀಳುತ್ತದೆ, ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ.

ಆದರೆ ಎಲ್ಲಕ್ಕಿಂತ ಅಗ್ಗದ ದಾರಿ ನಮ್ಮ ಜೇಬಿನಲ್ಲೇ ಇರುತ್ತದೆ, ರೈಲಿನ ಟಿಕೆಟ್ಟಿನ ರೂಪದಲ್ಲಿ. ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ 40 ಕಿಲೋ ಸಾಮಾನು ಉಚಿತ, ಎರಡನೇ ದರ್ಜೆಯವರಿಗೆ 35. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ ರೈಲ್ವೆ ಹಾಕಿರುವ ಅಳತೆಯ ಮಿತಿ 100, 60, 25 ಸೆಂಟಿಮೀಟರ್. ದಪ್ಪನೆಯ ಹಾಸಿಗೆ ಸುರುಳಿಗೆ ಈ ಮಿತಿ ಸಾಲದು, ಬೀಸುಕಲ್ಲಿಗೆ ಇದು ಬೇಕಾದಷ್ಟಾಯಿತು. ಊರಿಂದ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುವ ಹಳೆಯ ರೂಢಿಗೆ ಹೀಗೆ ಕಾನೂನಿನ ಬೆಂಬಲವೂ ಇದೆ. ಅದಕ್ಕಿಂತ ಹೆಚ್ಚಿದ್ದರೆ ಮೊದಲೇ ಲಗೇಜ್ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಿಸಬಹುದು. ಪ್ರಯಾಣಿಕರೇ ಇಲ್ಲದೆ ಬರೀ ಗಂಟನ್ನು ಕಳುಹಿಸುವುದು ಪಾರ್ಸೆಲ್. ಗದಗಿನಿಂದ ಮುಂಬೈ ಕಡೆಗೆ, ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ, ಹೌರಾದವರೆಗೂ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ನೇರ ಹಾದಿಯಿದೆ. ಮೂರು ಮಾತು ಗಮನದಲ್ಲಿರಲಿ. ಗಾಡಿ ಎರಡು ನಿಮಿಷ ನಿಲ್ಲುವ ಸಣ್ಣ ನಿಲ್ದಾಣಕ್ಕೆ ಭಾರದ ಗಂಟು ಬೇಡ, ಇಳಿಸಲು ಪುರುಸೊತ್ತಿರುವುದಿಲ್ಲ. ನಡುವೆ ಗಾಡಿ ಬದಲಾಗುವ ಊರಿಗೂ ಬೇಡ. ಬೆಲೆ ಘೋಷಿಸಿ ಶೇಕಡಾವಾರು ಶುಲ್ಕ ಕಟ್ಟದಿದ್ದರೆ, ಕಳೆದ ಪಾರ್ಸೆಲ್ಲಿಗೆ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿಗೆ ನಿಲ್ಲುತ್ತದೆ. ಕಲ್ಲಿಗೆ ಅದು ಪರವಾಗಿಲ್ಲ ಅನ್ನಬಹುದು, ಪಂಚಲೋಹದ ವಿಗ್ರಹಕ್ಕೆ ಅನ್ನಲಾಗದು.

ಬಸ್ಸು ರೈಲಿಲ್ಲದ ನಮ್ಮ ಮೂರೂ ಊರಿಗೆ ಹತ್ತಿರದ್ದು. ಹಿಂದೆ ಕಂಡಕ್ಟರಿಗೆ ಹೇಳಿ ಟಾಪಿಗೆ ಹಾಕಿಸುತ್ತಿದ್ದೆವು, ಆ ಕಡೆ ಒಬ್ಬರು ಬಂದು ಇಳಿಸಿಕೊಳ್ಳುತ್ತಿದ್ದರು. 2021ರಲ್ಲಿ ಸಾರಿಗೆ ನಿಗಮಗಳು ನಮ್ಮ ಕಾರ್ಗೋ ಎಂಬ ಹೆಸರಿನಲ್ಲಿ ಅದಕ್ಕೊಂದು ರಸೀದಿ, ಕೌಂಟರು ಕೊಟ್ಟವು. ನಮ್ಮ ವಾಯವ್ಯ ಸಾರಿಗೆಯಲ್ಲೂ ಅದಿದೆ. ಜೊತೆಗೆ ಒಬ್ಬ ವಯಸ್ಕ ಪ್ರಯಾಣಿಕರಿಗೆ 30 ಕಿಲೋ ಸಾಮಾನು ಉಚಿತ. ರಾಜ್ಯದೊಳಗಿನ ಊರಿಗೆ ಒಂದು ರಾತ್ರಿಯಲ್ಲಿ ಮುಟ್ಟಬೇಕಾದ ಸಾಮಾನಿಗೆ ಇದನ್ನು ಮೀರಿಸುವುದು ಕಷ್ಟ.

ಪುಸ್ತಕದ ಕಥೆ ಬೇರೆ, ಅದನ್ನು ಸ್ವಲ್ಪ ನಿಂತು ಹೇಳಬೇಕು. ಪುಸ್ತಕ ಭಾರವೆಂದು ಓದುಗರಿಗೆ ದುಬಾರಿಯಾಗಬಾರದು ಎಂದು ಅಂಚೆ ಇಲಾಖೆ ಬಹಳ ಕಾಲ ಅದಕ್ಕೆ ಬೇರೆ ದರ ಇಟ್ಟಿತ್ತು. 2024ರ ಡಿಸೆಂಬರಿನಲ್ಲಿ ಆ ನೋಂದಾಯಿತ ಪುಸ್ತಕ ಅಂಚೆಯನ್ನು ತೆಗೆದುಹಾಕಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. ನೂರೈವತ್ತು ರೂಪಾಯಿಯ ಕವನ ಸಂಕಲನಕ್ಕೆ ಅಂಚೆಯ ಖರ್ಚೇ ಅದರ ಅರ್ಧಕ್ಕೆ ಬಂದರೆ ಯಾರು ತರಿಸುತ್ತಾರೆ? ಎಲ್ಲ ಭಾಷೆಗಳ ಪ್ರಕಾಶಕರಿಂದಲೂ ದೂರು ಹೋಯಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. ಪಠ್ಯ, ಸ್ಪರ್ಧಾ ಪರೀಕ್ಷೆ, ಸಾಹಿತ್ಯ, ಸಂಸ್ಕೃತಿ, ಧರ್ಮದ ಅಚ್ಚಾದ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೋದರೆ 100 ರೂಪಾಯಿ, ಅದರ ಮೇಲೆ ತೆರಿಗೆ. ದೇಶದ ಯಾವ ಮೂಲೆಗಾದರೂ ಅದೇ. ನೆಲದ ದಾರಿಯಲ್ಲೇ ಹೋಗುತ್ತದೆ, ಎಲ್ಲಿದೆ ಎಂದು ನೋಡಿಕೊಳ್ಳಲೂ ಬರುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಜಾಹೀರಾತು ತುಂಬಿದ್ದು, ನಿಯತಕಾಲಿಕೆಗಳು ಇದರಲ್ಲಿ ಸೇರುವುದಿಲ್ಲ. ಅಜ್ಜನ 20 ಕಿಲೋ ಪುಸ್ತಕಗಳನ್ನು ನಾಲ್ಕು ಕಟ್ಟು ಮಾಡಿದರೆ 400 ರೂಪಾಯಿ ಮತ್ತು ತೆರಿಗೆಗೆ ಮೊಮ್ಮಗಳು ಗುವಾಹಟಿಯಲ್ಲಿದ್ದರೂ ಅವಳ ಬಾಗಿಲಿಗೇ ಮುಟ್ಟುತ್ತವೆ. ರದ್ದಿಗೆ ಹಾಕುವ ಮುಂಚೆ ಈ ಲೆಕ್ಕ ಮಾಡಿ ಎಂದು ನಾನು ಗದಗ ಸೀಮೆಯ ಪ್ರತಿ ಮನೆಯ ಬಾಗಿಲು ಬಡಿದು ಹೇಳಬೇಕೆನಿಸುತ್ತದೆ.

ಕಟ್ಟು ಕಟ್ಟಾಗಿ ಒಡೆದು ಕಳುಹಿಸುವ ಈ ಉಪಾಯದ ಪರಮಾವಧಿ ಅಮೆರಿಕದ ಯೂಟಾ ರಾಜ್ಯದಲ್ಲಿ ನಡೆಯಿತು. ಅಲ್ಲಿ 1913ರಲ್ಲಿ ಪಾರ್ಸೆಲ್ ಅಂಚೆ ಶುರುವಾಯಿತು. ಬೆಟ್ಟಗಳ ನಡುವಿನ ವರ್ನಲ್ ಎಂಬ ಊರಿಗೆ ರೈಲಿರಲಿಲ್ಲ, ನಮ್ಮ ಲಕ್ಷ್ಮೇಶ್ವರದ ಹಾಗೆ. 1916ರಲ್ಲಿ ಅಲ್ಲೊಂದು ಬ್ಯಾಂಕಿನ ಕಟ್ಟಡ ಕಟ್ಟುವವರು ಸಾಲ್ಟ್ ಲೇಕ್ ಸಿಟಿಯ ಇಟ್ಟಿಗೆ ತರಿಸಬೇಕಾಯಿತು. ಸರಕು ಸಾಗಣೆಯ ಬಾಡಿಗೆಗಿಂತ ಅಂಚೆಯ ದರ ಕಡಿಮೆಯಿತ್ತು. ತಲಾ 50 ಪೌಂಡ್ ಮೀರದಂತೆ ಪೆಟ್ಟಿಗೆ ಕಟ್ಟಿ, ಬ್ಯಾಂಕಿನ ಇಟ್ಟಿಗೆಗಳನ್ನು ಟನ್ನುಗಟ್ಟಲೆ ಅಂಚೆಯಲ್ಲೇ ತರಿಸಿದರು. ಅಂಚೆಯವರು ಬೇಸತ್ತು ಒಬ್ಬರಿಂದ ಒಬ್ಬರಿಗೆ ದಿನಕ್ಕೆ 200 ಪೌಂಡ್ ಎಂದು ಮಿತಿ ಹಾಕಬೇಕಾಯಿತು. ಆ ಕಟ್ಟಡ ನಿಂತಿತು. ಎರಡು ತುದಿಯ ಖರ್ಚನ್ನು ಸರ್ಕಾರ ಹೊತ್ತಾಗ ಭಾರ ಎಷ್ಟು ಸಲೀಸಾಗಿ ಬೆಟ್ಟ ಹತ್ತುತ್ತದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಗದಗಿನಲ್ಲೇ ಇನ್ನೊಂದು ಬಗೆಯ ಭಾರವಿದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿಯುತ್ತಾರೆ, ಬ್ರೈಲ್ ಓದುತ್ತಾರೆ. ಬ್ರೈಲ್ ಪುಸ್ತಕ ದಪ್ಪ ಹಾಳೆಯದು, ಅಕ್ಷರಗಳು ಎದ್ದು ನಿಲ್ಲಬೇಕು. ನಮ್ಮ ಕೈಯಲ್ಲಿ ಹಿಡಿಯುವ ಒಂದು ಪುಸ್ತಕ ಅಲ್ಲಿ ಹಲವು ಸಂಪುಟಗಳಾಗುತ್ತದೆ. ಅದಕ್ಕೂ ಕಿಲೋ ಲೆಕ್ಕ ಹಿಡಿದರೆ ಅಂಧರು ಓದಿಗೆ ನಮ್ಮ ಹಲವು ಪಟ್ಟು ತೆರಬೇಕಾಗುತ್ತಿತ್ತು. ಹಾಗಾಗಬಾರದೆಂದು ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮದಲ್ಲೂ ನಮ್ಮ ಅಂಚೆಯಲ್ಲೂ ಅಂಧರ ಸಾಹಿತ್ಯ 7 ಕಿಲೋವರೆಗೆ ಉಚಿತ. ಅಂಚೆಚೀಟಿಯೇ ಬೇಡ. ಈ ಸೌಲಭ್ಯ ಗೊತ್ತಿರುವವರು ಎಷ್ಟು ಜನ? ಪ್ರತಿ ಅಂಚೆ ಕಚೇರಿಯ ಗೋಡೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಬೇಕು, ಮುಂಡರಗಿಯಲ್ಲೂ ಶಿರಹಟ್ಟಿಯಲ್ಲೂ. ಭಾರದ ಬಗ್ಗೆ ನಾನು ಓದಿದ ನಿಯಮಗಳಲ್ಲೆಲ್ಲ ಮನಸ್ಸು ತುಂಬಿಬಂದದ್ದು ಇದೊಂದಕ್ಕೆ.

ಇನ್ನು ಕಟ್ಟುವ ವಿಷಯ. ಹಗುರ ವಸ್ತುವನ್ನು ಹೊರಗಿನ ಪೆಟ್ಟಿನಿಂದ ಕಾಪಾಡಬೇಕು, ಭಾರದ ವಸ್ತುವನ್ನು ಅದರಿಂದಲೇ ಕಾಪಾಡಬೇಕು. ಕಲ್ಲು ಒಳಗೆ ಬೆರಳಗಲ ಅಲುಗಾಡಿದರೂ ಒಂದೇ ರಾತ್ರಿಯಲ್ಲಿ ಪೆಟ್ಟಿಗೆಯ ಗೋಡೆ ಒಡೆದು ಹೊರಗೆ ಬರುತ್ತದೆ. ಆದ್ದರಿಂದ ಮೊದಲ ಕೆಲಸ, ಬೇರೆಯಾಗುವುದನ್ನು ಬೇರೆ ಮಾಡುವುದು. ಮೇಲಿನ ಕಲ್ಲು ಒಂದು ಗಂಟು, ಕೆಳಗಿನದು ಇನ್ನೊಂದು. ಅಂಚು ಹಾರಿಹೋಗದಂತೆ ಸುತ್ತಲೂ ಹಳೆಯ ಸೈಕಲ್ ಟ್ಯೂಬು ಬಿಗಿದೆ. ಅದರ ಮೇಲೆ ಹಳೆಯ ಕೌದಿಯ ತುಂಡು ಸುತ್ತಿ, ಪ್ಲೈವುಡ್ಡಿನ ಹಲಗೆ ಮೇಲೆ ಕೆಳಗೆ ಇಟ್ಟು, ಸಂದಿಗಳಲ್ಲಿ ಶೇಂಗಾದ ಸಿಪ್ಪೆ ತುಂಬಿದ ಸಣ್ಣ ಚೀಲಗಳನ್ನು ಗಿಡಿದೆ. ಥರ್ಮಾಕೋಲು ಕಲ್ಲಿನಡಿ ಪುಡಿಯಾಗುತ್ತದೆ, ಸಿಪ್ಪೆ ಒತ್ತಿಕೊಂಡು ಕೂರುತ್ತದೆ. ಕೊನೆಗೆ ಗೋಣಿಯಲ್ಲಿ ಸುತ್ತಿ ದಬ್ಬಣ, ಸುತಳಿಯಿಂದ ಹೊಲಿದೆ. ರಟ್ಟಿನ ಪೆಟ್ಟಿಗೆಗಿಂತ ಹೊಲಿದ ಗೋಣಿ ಎಷ್ಟೋ ವಾಸಿ, ಹಿಡಿಯಲು ಕಿವಿ ಬರುತ್ತದೆ. ವಿಳಾಸವನ್ನು ಹೊರಗೆ ಅಳಿಸದ ಶಾಯಿಯಲ್ಲಿ ಬರೆದು, ಒಳಗೂ ಒಂದು ಚೀಟಿ ಇಡಬೇಕು. ಪುಸ್ತಕವನ್ನು ದೊಡ್ಡ ಪೆಟ್ಟಿಗೆಗೆ ತುಂಬುವುದು ಎಲ್ಲರೂ ಮಾಡುವ ತಪ್ಪು, ತಳ ಕಿತ್ತುಬರುತ್ತದೆ. ಸಣ್ಣ ಪೆಟ್ಟಿಗೆ, ಪ್ಲಾಸ್ಟಿಕ್ಕಿನ ಒಳಹೊದಿಕೆ, ಬೆನ್ನು ಕೆಳಗೆ ಮಾಡದೆ ಮಲಗಿಸಿ ಇಡುವುದು, ಇಷ್ಟಾದರೆ ಸಾಕು.

ಭಾರವನ್ನು ಒಡೆಯಲು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಕಲ್ಲಿಗಿಂತ ಮುಖ್ಯ. ಯಾರೋ ಒಬ್ಬರು ಅದನ್ನು ಎತ್ತಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಒಂದು ಕಾಲದಲ್ಲಿ ಹಮಾಲರು ಕ್ವಿಂಟಲ್ ಮೂಟೆಯನ್ನೇ ಬೆನ್ನಿಗೆ ಏರಿಸುತ್ತಿದ್ದರು, ಈಗ ಧಾನ್ಯದ ಗೋಣಿ 50 ಕಿಲೋಗೆ ಇಳಿದಿದೆ. ವಿಮಾನ ನಿಲ್ದಾಣಗಳಲ್ಲಿ 32 ಕಿಲೋ ಮೀರಿದ ಒಂದೇ ಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಗಂಟು ಒಬ್ಬರ ಕೈಗೆ ಸಲೀಸಾಗಿ ಬಂದರೆ ಅದನ್ನು ಇಳಿಸುತ್ತಾರೆ, ಬಾರದಿದ್ದರೆ ಎತ್ತಿಹಾಕಬೇಕಾಗುತ್ತದೆ. ನಮ್ಮ ವಸ್ತು ಒಡೆದದ್ದಕ್ಕೆ ಅವರನ್ನು ಬೈಯುವ ಮುಂಚೆ ನಾವು ಎಷ್ಟು ಭಾರವನ್ನು ಒಂದೇ ಗಂಟಿಗೆ ತುರುಕಿದ್ದೆವು ಎಂದು ನೋಡಿಕೊಳ್ಳಬೇಕು. 15 ಕಿಲೋ ಒಳ್ಳೆಯ ಅಳತೆ. ಅದಕ್ಕೂ ಹೆಚ್ಚಿದ್ದರೆ "ಭಾರ" ಎಂದು ಎರಡು ಮಗ್ಗುಲಿಗೆ ದೊಡ್ಡದಾಗಿ ಬರೆಯಬೇಕು.

ಕಾಗದಪತ್ರದ ಕಿರಿಕಿರಿ ಕಡಿಮೆ. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಬಳಸಿದ ಮನೆಸಾಮಾನಿಗೆ ಅದೂ ಇಲ್ಲ, "ಹಳೆಯ ಗೃಹಬಳಕೆ ಸಾಮಾನು" ಎಂದು ಬಿಲ್ಟಿಯಲ್ಲಿ ಬರೆಸಿದರಾಯಿತು. ವಿದೇಶದಲ್ಲಿ ಮಕ್ಕಳಿರುವವರಿಗೆ ಅಂಚೆಯಾಗಲಿ ಕೊರಿಯರಾಗಲಿ ಭಾರಕ್ಕೆ ದುಬಾರಿಯೇ. ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವ 23 ಕಿಲೋದ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಹಪ್ಪಳಕ್ಕೆ ಕೊಡದೆ ಕಲ್ಲಿಗೆ ಕೊಟ್ಟರೆ ಅದೇ ಅಗ್ಗ. ಅಚ್ಚಾದ ಪುಸ್ತಕಗಳಿಗೆ ಮಾತ್ರ ಒಬ್ಬರೇ ವಿಳಾಸದಾರರಿಗೆ ಒಂದು ಚೀಲ ಕಳುಹಿಸುವ, 30 ಕಿಲೋವರೆಗಿನ ಎಂ-ಬ್ಯಾಗ್ ಎಂಬ ಅಂಚೆ ಪದ್ಧತಿಯಿದೆ. ಕನ್ನಡ ಸಂಘಗಳ ಗ್ರಂಥಾಲಯಕ್ಕೆ ಪುಸ್ತಕ ಕಳುಹಿಸುವವರು ದೊಡ್ಡ ಅಂಚೆ ಕಚೇರಿಯಲ್ಲಿ ಅದನ್ನು ಹೆಸರಿಟ್ಟು ಕೇಳಬೇಕು.

ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಲಾರಿ ಆಫೀಸಿನ ಕನಿಷ್ಠ ಬಾಡಿಗೆಯ ಫಲಕ ನೋಡಿದಾಗ ನನಗೆ ಆ ಊರು ನೆನಪಾಯಿತು. ನಮ್ಮ ಓಣಿಯಲ್ಲಿ ಇನ್ನೆರಡು ಮನೆಯವರಿಗೆ ಪುಣೆಯಲ್ಲಿ ನೆಂಟರಿದ್ದರು. ಒಬ್ಬರಿಗೆ ರೊಟ್ಟಿಯ ಹಂಚು, ಕಬ್ಬಿಣದ ಸಲಾಕೆ ಕಳುಹಿಸಬೇಕಿತ್ತು, ಇನ್ನೊಬ್ಬರಿಗೆ ಹಿತ್ತಾಳೆಯ ಸಮೆಗಳು, ಪುಸ್ತಕ. ಮೂರು ಮನೆಯ ಗಂಟುಗಳನ್ನು ಒಂದೇ ಬಿಲ್ಟಿಗೆ, ಒಂದೇ ಹೆಸರಿಗೆ ಹಾಕಿದೆವು. ಶನಿವಾರದ ಟಂಟಂ ಒಂದರಲ್ಲಿ ಎಲ್ಲ ಗದಗಿಗೆ ಹೋದವು. ಬಾಡಿಗೆಯನ್ನು ತೂಕದ ಮೇಲೆ ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು ಕೊರಿಯರ್ ಅಂಗಡಿಯಲ್ಲಿ ಕೇಳಿದ ದರದ ಸಣ್ಣದೊಂದು ಭಾಗ.

ಲಾರಿಗೆ ಹಾಕಿದ್ದು ಕೆಳಗಿನ ಕಲ್ಲನ್ನು ಮಾತ್ರ. ಮೇಲಿನದು ಅದಕ್ಕೂ ಮೊದಲೇ ಹೋಗಿತ್ತು. ಕೆಲಸಕ್ಕೆ ಸೇರಲು ಹೊರಟಿದ್ದ ಸೋದರಳಿಯ ಗದಗಿನಲ್ಲಿ ಮುಂಬೈ ಗಾಡಿ ಹತ್ತುವಾಗ ಅದನ್ನು ಬರ್ತಿನ ಕೆಳಗೆ ಇಟ್ಟುಕೊಂಡ. ಅವನ ಚೀಲ, ಅದರ ಭಾರ ಎಲ್ಲ ಸೇರಿ 40 ಕಿಲೋದ ಒಳಗೇ ಇತ್ತು. ಪುಣೆಯಲ್ಲಿ ತಂಗಿಯೇ ಸ್ಟೇಷನ್ನಿಗೆ ಬಂದು ಇಳಿಸಿಕೊಂಡಳು. ಹನ್ನೊಂದು ದಿನ ಮೇಲಿನ ಕಲ್ಲು ಅವಳ ಅಡುಗೆಮನೆಯ ಮೂಲೆಯಲ್ಲಿ ಒಂಟಿಯಾಗಿ ಕೂತಿತ್ತು. ಆಮೇಲೆ ಗೋಡೌನಿನಿಂದ ಫೋನ್ ಬಂತು, ತಂಗಿಯ ಗಂಡ ಸ್ಕೂಟರಿನ ಮುಂದೆ ಇಟ್ಟುಕೊಂಡು ಕೆಳಗಿನದನ್ನು ತಂದರು. ಹೊಲಿಗೆ ಬಿಚ್ಚಿ, ಶೇಂಗಾ ಸಿಪ್ಪೆ ಗುಡಿಸಿ, ಕಲ್ಲಿನ ಮೇಲೆ ಕಲ್ಲು ಕೂರಿಸಿ, ಗೂಟ ಬಡಿದು, ಆ ಸಂಜೆಯೇ ತಂಗಿ ಒಂದು ಹಿಡಿ ಗೋಧಿ ಹಾಕಿದಳು. ಫೋನನ್ನು ಕಲ್ಲಿನ ಪಕ್ಕ ಇಟ್ಟಿದ್ದಳು. ಇಲ್ಲಿ ಪಡಸಾಲೆಯಲ್ಲಿ ಕೂತು ಆ ಗರಗರ ಶಬ್ದವನ್ನು ಅವಳ ನುಚ್ಚು ಮುಗಿಯುವವರೆಗೆ ಕೇಳಿದೆ.